ಹೃದಯದ ಉರುವಲು: ಅಕ್ಕಿಯ ತೌಡಿನಿಂದ ಎಟಿಪಿವರೆಗೆ

ಮಕ್ಕಳೇ, ಒಂದು ಕೈಯ ಮುಷ್ಟಿಯನ್ನು ಬಿಗಿಯಾಗಿ ಕಟ್ಟಿ ಬಿಡಿ. ನಿಮಿಷಕ್ಕೆ 70 ಸಲದಂತೆ ಮಾಡುತ್ತಾ ಹೋಗಿ. ಸ್ವಲ್ಪ ಹೊತ್ತಿಗೇ ಕೈ ಸೋತು, ಬೆರಳು ನೋಯಲು ಶುರುವಾಗುತ್ತದೆ. ಹೆಚ್ಚು ಕಡಿಮೆ ಅದೇ ಮುಷ್ಟಿಯಷ್ಟು ದೊಡ್ಡದಿರುವ ನಿಮ್ಮ ಹೃದಯ ದಿನಕ್ಕೆ ಸುಮಾರು 1,00,000 ಸಲ ಹಾಗೆ ಮಾಡುತ್ತದೆ. ನಿದ್ದೆಯಲ್ಲೂ ರಜೆಯಿಲ್ಲ.

ಇಷ್ಟು ದುಡಿಯುವ ಹೃದಯಕ್ಕೆ ಊಟ ಏನು? ಅದು ಎಷ್ಟು ಬೇಕು, ಸಿಗದಿದ್ದರೆ ಏನಾಗುತ್ತದೆ? ಹೃದ್ರೋಗ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ಹೊಳೆಯುವುದು ರಕ್ತನಾಳ ಕಟ್ಟಿಕೊಳ್ಳುವುದು, ಸ್ಟೆಂಟ್, ಬೈಪಾಸ್. ಅಂದರೆ ನಲ್ಲಿ, ಕೊಳಾಯಿಗಳ ರಿಪೇರಿ. ಆದರೆ ಕೊಳಾಯಿ ಸರಿಯಾಗಿದ್ದರೂ, ಹೃದಯಕ್ಕೆ ರಕ್ತ ಧಾರಾಳವಾಗಿ ಹರಿಯುತ್ತಿದ್ದರೂ, ಉರುವಲನ್ನು ಉರಿಸಲಾರದೆ ಹೃದಯ ಸೋಲಬಹುದು. ಇದು ಮನುಷ್ಯರಿಗೆ ಗೊತ್ತಾದ ಕಥೆ ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ಅಕ್ಕಿಯ ಗಿರಣಿಯಲ್ಲಿ.

ಜಪಾನಿನಲ್ಲಿ ಬಹಳ ಹಿಂದಿನಿಂದಲೂ ಒಂದು ವಿಚಿತ್ರ ಕಾಯಿಲೆಯಿತ್ತು. ಕಾಲು ಜೋಮು ಹಿಡಿಯುವುದು, ಊದಿಕೊಳ್ಳುವುದು, ನಾಲ್ಕು ಹೆಜ್ಜೆಗೆ ಏದುಸಿರು, ಕೊನೆಗೆ ಒಂದು ದಿನ ಹೃದಯ ನಿಂತೇ ಹೋಗುವುದು. ಅವರು ಅದನ್ನು 'ಕಕ್ಕೆ' ಎನ್ನುತ್ತಿದ್ದರು. ಉಳಿದ ಜಗತ್ತು ಬೆರಿಬೆರಿ ಎನ್ನುತ್ತಿತ್ತು. ಇದಕ್ಕೆ 'ಎಡೋ ಕಾಯಿಲೆ' ಎಂಬ ಇನ್ನೊಂದು ಹೆಸರೂ ಇತ್ತು. ಎಡೋ ಎಂದರೆ ಇಂದಿನ ಟೋಕಿಯೊ. ಹಳ್ಳಿಯಿಂದ ಎಡೋಗೆ ಬಂದವರಿಗೆ ಕಾಯಿಲೆ ಹತ್ತುತ್ತಿತ್ತು, ಊರಿಗೆ ಮರಳಿದರೆ ತಾನಾಗಿಯೇ ಬಿಡುತ್ತಿತ್ತು! ನಗರದ ಗಾಳಿಯೇ ಕೆಟ್ಟದ್ದು ಎಂದು ಜನ ಅಂದುಕೊಂಡಿದ್ದರು. ನಿಜವಾಗಿ ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ಹಳ್ಳಿಯವರ ಊಟ ಬಾರ್ಲಿ, ಕಿರುಧಾನ್ಯ, ತೌಡು ಪೂರ್ತಿ ಹೋಗದ ಅಕ್ಕಿ. ನಗರದವರದು ಮಲ್ಲಿಗೆಯಂಥ ಬಿಳಿ ಅನ್ನ. ಬಡವರಿಗಿಂತ ಉಳ್ಳವರನ್ನೇ ಹೆಚ್ಚು ಹುಡುಕಿಕೊಂಡು ಬರುತ್ತಿದ್ದ ಕಾಯಿಲೆ ಇದು. ಜಪಾನಿನ ರಾಜಕುಮಾರಿ ಕಜು 1877ರಲ್ಲಿ ತೀರಿಕೊಂಡದ್ದೂ ಇದರಿಂದಲೇ. ಚಕ್ರವರ್ತಿ ಮೇಜಿಯನ್ನೂ ಇದು ಬಿಟ್ಟಿರಲಿಲ್ಲ.

ಬಿಳಿ ಅಕ್ಕಿಯ ಮೋಹ ನಮಗೇನೂ ಹೊಸದಲ್ಲ. ನಮ್ಮ ಬಯಲುಸೀಮೆಯಲ್ಲೂ ಒಂದು ಕಾಲಕ್ಕೆ ದಿನದ ಊಟ ರಾಗಿಮುದ್ದೆ, ಅನ್ನವೇನಿದ್ದರೂ ಹಬ್ಬಕ್ಕೆ, ನೆಂಟರು ಬಂದಾಗ. ಅನ್ನ ಉಣ್ಣುವುದು ಅನುಕೂಲಸ್ಥರ ಗುರುತು. ಜಪಾನಿನಲ್ಲೂ ಹಾಗೆಯೇ. ಬಡ ಹಳ್ಳಿಯ ಹುಡುಗ ಸೈನ್ಯಕ್ಕೋ ನೌಕಾಪಡೆಗೋ ಸೇರಿದರೆ ಅವನಿಗೆ ಸಿಗುವ ದೊಡ್ಡ ಗೌರವವೆಂದರೆ ದಿನವೂ ಹೊಟ್ಟೆ ತುಂಬ ಬಿಳಿ ಅನ್ನ.

1882ರ ಡಿಸೆಂಬರಿನಲ್ಲಿ 'ರ್ಯುಜೊ' ಎಂಬ ನೌಕಾಪಡೆಯ ತರಬೇತಿ ಹಡಗು ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಹವಾಯಿ ಸುತ್ತಿ ಬರಲು ಹೊರಟಿತು. ಅದರಲ್ಲಿ ಇದ್ದವರು 376 ಮಂದಿ. ಮರಳುವಷ್ಟರಲ್ಲಿ 169 ಮಂದಿಗೆ ಬೆರಿಬೆರಿ ಬಂದಿತ್ತು, 25 ಮಂದಿ ಸತ್ತಿದ್ದರು. ಆ ವರ್ಷ ಇಡೀ ಜಪಾನೀ ನೌಕಾಪಡೆಯಲ್ಲಿ 100ಕ್ಕೆ ಸುಮಾರು 40 ಮಂದಿ ಈ ಕಾಯಿಲೆ ಅನುಭವಿಸಿದ್ದರು. ಯುದ್ಧವಿಲ್ಲದೆಯೇ ಪಡೆ ಹಾಸಿಗೆ ಹಿಡಿದಿತ್ತು.

ಆಗ ನೌಕಾಪಡೆಯಲ್ಲಿದ್ದ ವೈದ್ಯರು ತಕಾಕಿ ಕನೆಹಿರೊ. 1849ರಲ್ಲಿ ಹುಟ್ಟಿದವರು. 1875ರಿಂದ 1880ರವರೆಗೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಓದಿ ಬಂದವರು. ಇಂಗ್ಲೆಂಡಿನಲ್ಲಿ ಬೆರಿಬೆರಿಯ ರೋಗಿಗಳೇ ಕಾಣಿಸುವುದಿಲ್ಲ ಎಂಬುದು ಅವರ ತಲೆಯಲ್ಲಿ ಉಳಿದಿತ್ತು. ವಾಪಸು ಬಂದ ಮೇಲೆ ಯಾವ ಹಡಗಿನಲ್ಲಿ, ಯಾವ ದರ್ಜೆಯವರಿಗೆ, ಯಾವ ಬಂದರಿನಲ್ಲಿ ಕಾಯಿಲೆ ಬರುತ್ತದೆ ಎಂದು ಲೆಕ್ಕ ಹಾಕುತ್ತಾ ಹೋದರು. ಅಧಿಕಾರಿಗಳಿಗೆ ಕಡಿಮೆ, ಸಾಮಾನ್ಯ ನಾವಿಕರಿಗೆ ಹೆಚ್ಚು. ವಿದೇಶಿ ಬಂದರಿನಲ್ಲಿ ನಿಂತು ಅಲ್ಲಿನ ಊಟ ಮಾಡುವಾಗ ಕಡಿಮೆ, ಮತ್ತೆ ಹಡಗಿನ ಅನ್ನಕ್ಕೆ ಮರಳಿದರೆ ಹೆಚ್ಚು. ಕಾರಣ ಊಟವೇ ಎಂದು ಅವರಿಗೆ ಖಚಿತವಾಯಿತು.

ಅವರು ಪಟ್ಟುಹಿಡಿದು ಒಪ್ಪಿಸಿದ್ದರಿಂದ 1884ರಲ್ಲಿ 'ತ್ಸುಕುಬ' ಎಂಬ ಇನ್ನೊಂದು ಹಡಗು ರ್ಯುಜೊ ಹೋದ ದಾರಿಯಲ್ಲೇ ಹೊರಟಿತು. ಈ ಸಲ ಮಾಂಸ, ಬ್ರೆಡ್ಡು, ಗಟ್ಟಿ ಹಾಲು, ತರಕಾರಿ ಹೆಚ್ಚು; ಅನ್ನ ಕಡಿಮೆ. 333 ಮಂದಿಯಲ್ಲಿ ಕಾಯಿಲೆ ಬಿದ್ದವರು 20ಕ್ಕೂ ಕಡಿಮೆ. ಸತ್ತವರು ಒಬ್ಬರೂ ಇಲ್ಲ. ನಾವಿಕರಿಗೆ ಬ್ರೆಡ್ಡು ಇಷ್ಟವಾಗಲಿಲ್ಲ ಎಂದು ಮುಂದೆ ಅಕ್ಕಿಗೆ ಬಾರ್ಲಿ ಬೆರೆಸಿ ಕೊಡಲು ಶುರುಮಾಡಿದರು. 1885ರ ಹೊತ್ತಿಗೆ ನೌಕಾಪಡೆಯಲ್ಲಿ ಬೆರಿಬೆರಿ 100ಕ್ಕೆ 1ಕ್ಕಿಂತಲೂ ಕೆಳಗಿಳಿದಿತ್ತು. ತಕಾಕಿಯವರಿಗೆ 1905ರಲ್ಲಿ ಬ್ಯಾರನ್ ಪದವಿ ಸಿಕ್ಕಾಗ ಜನ ಪ್ರೀತಿಯಿಂದ 'ಬಾರ್ಲಿ ಬ್ಯಾರನ್' ಎಂದು ಕರೆದರು. ಅಂಟಾರ್ಕ್ಟಿಕಾದಲ್ಲಿ ಅವರ ಹೆಸರಿನ ಒಂದು ಭೂಶಿರ ಕೂಡ ಇದೆ.

ಇಲ್ಲಿ ಒಂದು ತಮಾಷೆಯಿದೆ. ತಕಾಕಿಯವರ ಚಿಕಿತ್ಸೆ ಸರಿ, ವಿವರಣೆ ತಪ್ಪು! ಊಟದಲ್ಲಿ ಪ್ರೋಟೀನು ಕಡಿಮೆಯಾದದ್ದೇ ಕಾಯಿಲೆಗೆ ಕಾರಣ ಎಂದು ಅವರು ನಂಬಿದ್ದರು. ಅದು ಪ್ರೋಟೀನಿನ ಪ್ರಶ್ನೆಯಾಗಿರಲಿಲ್ಲ. ಜಪಾನಿನ ಭೂಸೈನ್ಯದ ವೈದ್ಯರು ಇದನ್ನೇ ಹಿಡಿದುಕೊಂಡರು. ಅವರು ಓದಿದ್ದು ಜರ್ಮನ್ ಪದ್ಧತಿಯಲ್ಲಿ. ಕಾಯಿಲೆ ಎಂದರೆ ರೋಗಾಣು ಎಂಬ ಕಾಲ ಅದು. ಕಾರಣವನ್ನು ವಿವರಿಸಲಾಗದ ಚಿಕಿತ್ಸೆಯನ್ನು ಒಪ್ಪುವುದಿಲ್ಲ ಎಂದರು. ವಿರೋಧಿಸಿದವರಲ್ಲಿ ಮೋರಿ ಓಗಾಯ್ ಕೂಡ ಒಬ್ಬರು. ಜಪಾನೀ ಸಾಹಿತ್ಯದಲ್ಲಿ ಅವರದು ಬಹು ದೊಡ್ಡ ಹೆಸರು, ವೃತ್ತಿಯಲ್ಲಿ ಸೈನ್ಯದ ವೈದ್ಯರು. 1904-05ರ ರಷ್ಯಾ-ಜಪಾನ್ ಯುದ್ಧಕ್ಕೆ ಭೂಸೈನ್ಯ ಬಿಳಿ ಅಕ್ಕಿಯನ್ನೇ ಹೊತ್ತು ಹೋಯಿತು. ಸುಮಾರು 2,50,000 ಸೈನಿಕರಿಗೆ ಬೆರಿಬೆರಿ ಬಂತು. ಸುಮಾರು 27,000 ಮಂದಿ ಅದರಿಂದಲೇ ಸತ್ತರು. ಅಷ್ಟು ಹೊತ್ತಿಗೆ ತ್ಸುಕುಬ ಹಡಗು ಮರಳಿ 20 ವರ್ಷವಾಗಿತ್ತು. ಇದನ್ನು ಓದುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಕಾರಣ ಗೊತ್ತಿಲ್ಲದಿರುವುದು ತಪ್ಪಲ್ಲ; ಕಣ್ಣೆದುರಿಗಿದ್ದ ಲೆಕ್ಕವನ್ನು ನೋಡಲು ಒಲ್ಲೆನೆಂದದ್ದು ತಪ್ಪು.

ಇದೇ ಹೊತ್ತಿಗೆ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ವೈದ್ಯರ ಕೋಳಿಗಳಿಗೆ ಕಾಲು ಸೋಲುವ ಕಾಯಿಲೆ ಬಂತು. ಕೆಲವು ತಿಂಗಳ ನಂತರ ತಾನಾಗಿಯೇ ವಾಸಿಯೂ ಆಯಿತು. ವಿಚಾರಿಸಿದರೆ, ನಡುವೆ ಅವುಗಳಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನ ಹಾಕುತ್ತಿದ್ದರಂತೆ. ಅಡುಗೆಯವನು ಬದಲಾದ. ಮಿಲಿಟರಿ ಅನ್ನವನ್ನು ಸಿವಿಲಿಯನ್ ಕೋಳಿಗಳಿಗೆ ಕೊಡುವುದಿಲ್ಲ ಎಂದು ಹೊಸಬ ಹಟ ಹಿಡಿದ! ಕೋಳಿಗಳು ಬದುಕಿಕೊಂಡವು. ಆ ಅಡುಗೆಯವನ ಹೆಸರು ಪಠ್ಯಪುಸ್ತಕಗಳಲ್ಲಿಲ್ಲ. ಐಕ್‌ಮನ್ನರಿಗೆ 1929ರಲ್ಲಿ ನೊಬೆಲ್ ಬಂತು. ಅವರ ಸಹೋದ್ಯೋಗಿ ವೋರ್ಡರ್‌ಮನ್ ಜಾವಾದ 100ಕ್ಕೂ ಹೆಚ್ಚು ಜೈಲುಗಳ ಲೆಕ್ಕ ತೆಗೆದರು. ತೌಡು ಉಳಿದ ಅಕ್ಕಿ ಕೊಡುವ ಜೈಲುಗಳಲ್ಲಿ 10,000 ಕೈದಿಗಳಿಗೆ 1 ಬೆರಿಬೆರಿ. ಪಾಲಿಶ್ ಅಕ್ಕಿಯ ಜೈಲುಗಳಲ್ಲಿ 39 ಮಂದಿಗೆ 1. ಅಕ್ಕಿಯಲ್ಲಿ ವಿಷವಿದೆ, ತೌಡು ಅದಕ್ಕೆ ಮದ್ದು ಎಂದು ಐಕ್‌ಮನ್ ಮೊದಲು ಯೋಚಿಸಿದ್ದರು. ಅವರ ನಂತರ ಬಂದ ಗೆರಿಟ್ ಗ್ರಿನ್ಸ್ 1901ರಲ್ಲಿ ಅದನ್ನು ತಿರುವಿ ಹಾಕಿದರು. ವಿಷ ಇರುವುದಲ್ಲ, ಬೇಕಾದದ್ದೇನೋ ಇಲ್ಲದಿರುವುದೇ ಕಾಯಿಲೆ ಎಂದರು. ಇಲ್ಲದಿರುವುದು ಕೂಡ ಕಾಯಿಲೆಗೆ ಕಾರಣವಾಗಬಹುದು ಎಂಬುದು ಆಗಿನ ಕಾಲಕ್ಕೆ ಬಹಳ ಹೊಸ ಯೋಚನೆ.

ಇನ್ನು ನಮ್ಮ ಕರಾವಳಿಯವರಿಗೆ ಖುಷಿಯಾಗುವ ಭಾಗ. ಮಲಯಾದಲ್ಲಿ, ಅಂದರೆ ಇಂದಿನ ಮಲೇಷ್ಯಾದಲ್ಲಿ, ತೋಟ ಮತ್ತು ಗಣಿಗಳಿಗೆ ಕೆಲಸಕ್ಕೆ ಬಂದಿದ್ದ ಚೀನೀಯರು ಬೆರಿಬೆರಿಯಿಂದ ಸಾಯುತ್ತಿದ್ದರು. ಪಕ್ಕದಲ್ಲೇ ದುಡಿಯುತ್ತಿದ್ದ ತಮಿಳರಿಗೆ ಅದು ಅಪರೂಪ. ಇಬ್ಬರೂ ಉಣ್ಣುವುದು ಅನ್ನವನ್ನೇ. ಆದರೆ ತಮಿಳರದು ಕುಚ್ಚಲಕ್ಕಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಉಮಿ ತೆಗೆದ ಅಕ್ಕಿ. ಕ್ವಾಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು 1905ರ ಕೊನೆಯಿಂದ ಒಂದು ವರ್ಷ ರೋಗಿಗಳನ್ನು ಎರಡು ಭಾಗ ಮಾಡಿದರು. ಅರ್ಧಕ್ಕೆ ಬಿಳಿ ಅಕ್ಕಿ, ಇನ್ನರ್ಧಕ್ಕೆ ಕುಚ್ಚಲಕ್ಕಿ. ಕಟ್ಟಡವೇ ಕಾರಣವಿರಬಹುದೇ ಎಂದು ನಡುವೆ ಎರಡೂ ಗುಂಪಿನ ವಾಸವನ್ನು ಅದಲುಬದಲು ಮಾಡಿದರು. ಕಾಯಿಲೆ ಕಟ್ಟಡದ ಜೊತೆ ಉಳಿಯಲಿಲ್ಲ, ಬಿಳಿ ಅಕ್ಕಿಯ ಜೊತೆಗೇ ಹೋಯಿತು. ಬಿಳಿ ಅಕ್ಕಿ ಉಂಡವರಲ್ಲಿ ಹತ್ತಾರು ಮಂದಿಗೆ ಬೆರಿಬೆರಿ ಬಂತು, ಕೆಲವರು ಸತ್ತರು. ಕುಚ್ಚಲಕ್ಕಿಯವರಲ್ಲಿ ಹೊಸದಾಗಿ ಯಾರಿಗೂ ಬರಲಿಲ್ಲ. ಆ ರೋಗಿಗಳನ್ನು ಕೇಳಿ ಮಾಡಿದ ಪ್ರಯೋಗವಲ್ಲ ಅದು. ಇಂದು ಯಾವ ಆಸ್ಪತ್ರೆಯೂ ಅದಕ್ಕೆ ಅನುಮತಿ ಕೊಡುವುದಿಲ್ಲ. ಸಿಕ್ಕ ಉತ್ತರಕ್ಕೆ ಬೆಲೆ ತೆತ್ತವರು ಅವರು.

ಭತ್ತವನ್ನು ಬೇಯಿಸುವಾಗ ಏನಾಗುತ್ತದೆ? ಹೊರಗಿನ ತೌಡಿನಲ್ಲೂ ಮೊಳಕೆಯ ಭಾಗದಲ್ಲೂ ಇರುವ, ನೀರಿನಲ್ಲಿ ಕರಗುವ ಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿ ತೌಡನ್ನು ಉಜ್ಜಿ ತೆಗೆದರೂ ಸತ್ವದ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಕುಚ್ಚಲಕ್ಕಿಗೂ ಬೆಳ್ತಿಗೆ ಅಕ್ಕಿಗೂ ಇರುವ ವ್ಯತ್ಯಾಸ ಮಕ್ಕಳಿಗೂ ಗೊತ್ತು. ಗಂಜಿ, ಉಪ್ಪಿನಕಾಯಿ ಎಂದರೆ ಕುಚ್ಚಲಕ್ಕಿಯೇ ಆಗಬೇಕು. ಅದನ್ನು ಕಂಡುಹಿಡಿದವರು ವಿಟಮಿನ್ನಿಗಾಗಿ ಹಾಗೆ ಮಾಡಲಿಲ್ಲ. ಬೇಯಿಸಿದ ಭತ್ತ ಕುಟ್ಟುವಾಗ ನುಚ್ಚಾಗುವುದಿಲ್ಲ, ಅಷ್ಟೇ ಅವರ ಲೆಕ್ಕ. ಮನೆಯಲ್ಲಿ ಒರಳು, ಒನಕೆಯಿಂದ ಕುಟ್ಟಿದ ಅಕ್ಕಿಯಲ್ಲೂ ಸ್ವಲ್ಪ ತೌಡು ಉಳಿಯುತ್ತಿತ್ತು. 19ನೆಯ ಶತಮಾನದ ಕೊನೆಗೆ ಬಂದ ಉಗಿಯಂತ್ರದ ಗಿರಣಿಗಳು ಆ ಸ್ವಲ್ಪವನ್ನೂ ಬಿಡಲಿಲ್ಲ. ಏಷ್ಯಾದ ಉದ್ದಕ್ಕೂ ಗಿರಣಿ ಹೋದಲ್ಲಿಗೆ ಬೆರಿಬೆರಿಯೂ ಹೋಯಿತು. ಭಾರತದಲ್ಲಿ ಅದು ಹೆಚ್ಚಾಗಿ ಕಂಡದ್ದು ಬೇಯಿಸದ ಬಿಳಿ ಅಕ್ಕಿ ಉಣ್ಣುವ ಆಂಧ್ರದ ಕರಾವಳಿಯಲ್ಲಿ. ಕೂನೂರಿನಲ್ಲಿ ಪ್ರಯೋಗಾಲಯ ನಡೆಸುತ್ತಿದ್ದ ರಾಬರ್ಟ್ ಮೆಕ್‌ಕ್ಯಾರಿಸನ್ 1920ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದರು. ಆ ಪ್ರಯೋಗಾಲಯವೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯಾಯಿತು.

ತೌಡಿನೊಳಗಿನ ಸತ್ವವನ್ನು ಹಿಡಿಯಲು ಓಟವೇ ನಡೆಯಿತು. 1910ರಲ್ಲಿ ಜಪಾನಿನ ಉಮೆತಾರೊ ಸುಜುಕಿ ಅದನ್ನು ತೌಡಿನಿಂದ ಬೇರ್ಪಡಿಸಿದ ವರದಿ ಬರೆದರು. ಜಪಾನೀ ಭಾಷೆಯಲ್ಲಿದ್ದುದರಿಂದ ಹೊರಗಿನವರ ಗಮನಕ್ಕೆ ಬರಲಿಲ್ಲ. 1912ರಲ್ಲಿ ಕಾಸಿಮಿರ್ ಫಂಕ್ ಇಂಥ ಸತ್ವಗಳಿಗೆ 'ವಿಟಮೈನ್' ಎಂಬ ಹೆಸರು ಕೊಟ್ಟರು. 1926ರಲ್ಲಿ ಜಾವಾದಲ್ಲಿ ಅದರ ಶುದ್ಧ ಹರಳು ಸಿಕ್ಕಿತು. 1936ರ ಹೊತ್ತಿಗೆ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಅದೇ ಥಯಾಮಿನ್, ಅಂದರೆ ವಿಟಮಿನ್ ಬಿ-1. ಈ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ, ಮಿಷನರಿ ತಂದೆತಾಯಿಯರಿಗೆ, 1886ರಲ್ಲಿ.

ಸರಿ, ವಿಟಮಿನ್ ಸಿಕ್ಕಿತು. ಆದರೆ ಚಿಟಿಕೆಯಷ್ಟು ವಿಟಮಿನ್ ಇಲ್ಲದಿದ್ದರೆ ಹೃದಯ ಯಾಕೆ ನಿಲ್ಲಬೇಕು? ಉತ್ತರಕ್ಕಾಗಿ ಇನ್ನೊಂದು ಪ್ರಯಾಣ ಮಾಡಬೇಕು. ಈ ಸಲ ಬಾಸ್ಟನ್ನಿಗೆ.

ಯಲ್ಲಾಪ್ರಗಡ ಸುಬ್ಬರಾವ್ 1895ರ ಜನವರಿ 12ರಂದು ಭೀಮಾವರಂನಲ್ಲಿ ಹುಟ್ಟಿದರು. ಮೇಲೆ ಹೇಳಿದ ಆಂಧ್ರದ ಕರಾವಳಿಯ ಊರೇ ಅದು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಗೌನು ತೊಟ್ಟರು. ಬ್ರಿಟಿಷ್ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿ ಸಿಕ್ಕಿತು. ಬಾಸ್ಟನ್ನಿಗೆ ಬಂದಿಳಿದಾಗ ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೆಳದರ್ಜೆಯ ಕೆಲಸ ಮಾಡುತ್ತಾ ಹಾರ್ವರ್ಡಿನಲ್ಲಿ ಓದಿದರು. ಪರದೇಶದಲ್ಲಿ ಓದಿಕೊಂಡೇ ದುಡಿದ ನಮ್ಮಲ್ಲಿನ ಕೆಲವರಿಗಾದರೂ ಇದು ಪರಿಚಿತ ಕಥೆ.

ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಅವರ ಜೊತೆ ಸೇರಿ ಸುಬ್ಬರಾವ್ ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನ ಕಂಡುಹಿಡಿದರು. ದ್ರಾವಣ ನೀಲಿಯಾಗುತ್ತದೆ, ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. 1925ರಲ್ಲಿ ಪ್ರಕಟವಾದ ಈ ವಿಧಾನವನ್ನು ಜೀವರಸಾಯನದ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಇದೇ ವಿಧಾನವನ್ನು ಸ್ನಾಯುವಿನ ಮೇಲೆ ಪ್ರಯೋಗಿಸಿದಾಗ ನೀಲಿ ಬಣ್ಣ ಒಮ್ಮೆಗೇ ಬರದೆ ನಿಧಾನವಾಗಿ ಏರುತ್ತಾ ಹೋಯಿತು. ಅಳತೆ ತಪ್ಪಿದೆ ಎಂದು ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರೇನೋ. ಇವರು ಬೆನ್ನು ಹತ್ತಿದರು. ಸ್ನಾಯುವಿನಲ್ಲಿ ರಂಜಕವನ್ನು ಸಡಿಲವಾಗಿ ಹಿಡಿದುಕೊಂಡಿರುವ, ಬೇಗ ಬಿಟ್ಟುಕೊಡುವ ಒಂದು ವಸ್ತುವಿತ್ತು. ಅದು ಫಾಸ್ಫೋಕ್ರಿಯಾಟಿನ್, ವರ್ಷ 1927. ಎರಡು ವರ್ಷಕ್ಕೆ ಇನ್ನೊಂದು ವಸ್ತು ಸಿಕ್ಕಿತು: ಅಡಿನೋಸಿನ್ ಟ್ರೈಫಾಸ್ಫೇಟ್, ನಾವೆಲ್ಲ ಎಟಿಪಿ ಎನ್ನುವುದು. 1929ರಲ್ಲೇ ಜರ್ಮನಿಯ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಹಿಡಿದು ಮೊದಲು ಪ್ರಕಟಿಸಿದರು. ಅಲ್ಲಿಯವರೆಗೆ ಸ್ನಾಯುವಿನ ಬಲ ಬರುವುದು ಲ್ಯಾಕ್ಟಿಕ್ ಆಮ್ಲದಿಂದ ಎಂದು ದೊಡ್ಡ ದೊಡ್ಡವರೇ ನಂಬಿದ್ದರು. ಆ ನಂಬಿಕೆ ಕುಸಿಯಿತು.

ಇದನ್ನು ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಕೊಬ್ಬು, ಸಕ್ಕರೆ ಎಂದರೆ ಕಣಜದಲ್ಲಿರುವ ಭತ್ತ. ಎಷ್ಟೇ ಇದ್ದರೂ ಹಾಗೆಯೇ ತಿನ್ನಲಾಗುವುದಿಲ್ಲ. ಫಾಸ್ಫೋಕ್ರಿಯಾಟಿನ್ ಎಂದರೆ ಪಾತ್ರೆಯಲ್ಲಿ ಮಾಡಿಟ್ಟಿರುವ ಅನ್ನ. ಎಟಿಪಿ ಎಂದರೆ ಕೈಯಲ್ಲಿರುವ ತುತ್ತು. ಸ್ನಾಯು ನುಂಗುವುದು ತುತ್ತನ್ನು ಮಾತ್ರ. ಹೃದಯದಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ಕೆಲವೇ ಸೆಕೆಂಡುಗಳಿಗೆ ಸಾಕು. ಹಾಗಾಗಿ ತುತ್ತು ಕಟ್ಟುವ ಕೆಲಸ ಕ್ಷಣ ಬಿಡದೆ ನಡೆಯುತ್ತಿರಬೇಕು. ಸುಮಾರು 300 ಗ್ರಾಂ ತೂಕದ ಹೃದಯ ದಿನವೊಂದಕ್ಕೆ ತಯಾರಿಸಿ ಖರ್ಚುಮಾಡುವ ಎಟಿಪಿ ಸುಮಾರು 6 ಕಿಲೋ, ತನ್ನ ತೂಕದ 20 ಪಟ್ಟು! ಹೃದಯದ ಜೀವಕೋಶದ ಜಾಗದಲ್ಲಿ ಮೂರರಲ್ಲಿ ಒಂದು ಪಾಲು ಮೈಟೊಕಾಂಡ್ರಿಯ ಎಂಬ ಒಲೆಗಳೇ ತುಂಬಿವೆ.

ಈಗ ಬೆರಿಬೆರಿಗೆ ಮರಳೋಣ. ಆಕ್ಸ್‌ಫರ್ಡಿನಲ್ಲಿ ರುಡಾಲ್ಫ್ ಪೀಟರ್ಸ್ ಎಂಬವರು 1930ರ ಆಸುಪಾಸಿನಲ್ಲಿ ಬರೀ ಪಾಲಿಶ್ ಅಕ್ಕಿ ತಿಂದ ಪಾರಿವಾಳಗಳ ಮಿದುಳನ್ನು ಪರೀಕ್ಷಿಸಿದರು. ಸಕ್ಕರೆ ಅರ್ಧ ಒಡೆದು ಪೈರುವೇಟ್ ಎಂಬ ವಸ್ತುವಾಗುವವರೆಗೆ ಎಲ್ಲ ಸರಿ. ಅಲ್ಲಿಂದ ಮುಂದೆ ಹೋಗದೆ ಅದು ಗುಡ್ಡೆ ಬೀಳುತ್ತಿತ್ತು. ಚೂರೇ ಚೂರು ಥಯಾಮಿನ್ ಹಾಕಿದರೆ ಮತ್ತೆ ಮುಂದೆ ಹರಿಯುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಗಾಯವೇನೂ ಕಾಣದು, ಗಾಯವಿರುವುದು ರಸಾಯನ ಕ್ರಿಯೆಯಲ್ಲಿ. 1937ರಲ್ಲಿ ಥಯಾಮಿನ್ ದೇಹದೊಳಗೆ ಯಾವ ರೂಪದಲ್ಲಿ ಈ ಕೆಲಸ ಮಾಡುತ್ತದೆ ಎಂದು ತೋರಿಸಿದವರಲ್ಲಿ ಒಬ್ಬರು ಯಾರು ಗೊತ್ತೇ? ಎಟಿಪಿ ಕಂಡುಹಿಡಿದ ಅದೇ ಲೋಮನ್.

ಓದುಗರಲ್ಲಿ ಯಾರಾದರೂ ಡಾಕ್ಟರಿದ್ದರೆ ಇಲ್ಲಿ ಕೈ ಎತ್ತಬಹುದು: ಹೃದಯ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಪಡೆಯುವುದು ಕೊಬ್ಬಿನಿಂದಲ್ಲವೇ? ಸಕ್ಕರೆಯ ದಾರಿ ಮುಚ್ಚಿದರೇನು, ಕೊಬ್ಬಿನ ದಾರಿ ತೆರೆದಿದೆಯಲ್ಲ? ನಿಜ. ಆದರೆ ಎರಡೂ ದಾರಿ ಕೊನೆಗೆ ಸೇರುವುದು ಒಂದೇ ಒಲೆಗೆ, ಕ್ರೆಬ್ಸ್ ಚಕ್ರಕ್ಕೆ. ಆ ಚಕ್ರದೊಳಗಿನ ಒಂದು ಹೆಜ್ಜೆಗೂ ಥಯಾಮಿನ್ ಬೇಕೇ ಬೇಕು. ಹಾಗಾಗಿ ಬೆರಿಬೆರಿಯಲ್ಲಿ ಹೊಟ್ಟೆ ತುಂಬಿರುತ್ತದೆ, ರಕ್ತದಲ್ಲಿ ಸಕ್ಕರೆ ಇರುತ್ತದೆ, ಹೃದಯದ ರಕ್ತನಾಳಗಳಲ್ಲಿ ಅಡ್ಡಿಯಿರುವುದಿಲ್ಲ. ಆದರೂ ಹೃದಯ ಉಪವಾಸ. ಜೊತೆಗೆ ದೇಹದ ಸಣ್ಣ ರಕ್ತನಾಳಗಳು ಸಡಿಲಗೊಂಡು ಹೃದಯದ ಮೇಲೆ ಕೆಲಸದ ಹೊರೆಯೂ ಹೆಚ್ಚುತ್ತದೆ. ಇದರ ಅತಿ ತೀವ್ರ ರೂಪಕ್ಕೆ ವೈದ್ಯರು ಇಂದಿಗೂ ಜಪಾನೀ ಹೆಸರನ್ನೇ ಬಳಸುತ್ತಾರೆ: ಶೋಶಿನ್. ಸಾವಿನಂಚಿನಲ್ಲಿರುವ ಅಂಥ ರೋಗಿಗೆ ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಹೃದಯ ಚೇತರಿಸಿಕೊಳ್ಳಬಹುದು. ಹೃದ್ರೋಗದ ಚಿಕಿತ್ಸೆಯಲ್ಲಿ ಇಷ್ಟು ನಾಟಕೀಯವಾದದ್ದು ಕಡಿಮೆ. ಇದು ಅನ್ನ ಉಣ್ಣುವವರ ಕಾಯಿಲೆ ಮಾತ್ರವೂ ಅಲ್ಲ. 1937ರಲ್ಲಿ ಬಾಸ್ಟನ್ನಿನ ಸೋಮಾ ವೈಸ್ ಮತ್ತು ರಾಬರ್ಟ್ ವಿಲ್ಕಿನ್ಸ್ ಅತಿಯಾಗಿ ಕುಡಿದು ಊಟ ಬಿಟ್ಟವರಲ್ಲೂ ಇದೇ ಹೃದಯದ ಸೋಲನ್ನು ಗುರುತಿಸಿದರು.

ಹೃದಯದ ಎಲ್ಲ ಸೋಲೂ ಬೆರಿಬೆರಿಯಲ್ಲ, ಎಲ್ಲಕ್ಕೂ ವಿಟಮಿನ್ ಮದ್ದಲ್ಲ. ಆದರೆ ಹೃದಯ ಹಸಿದೂ ಸೋಲಬಹುದು ಎಂಬುದು ಒಮ್ಮೆ ಗೊತ್ತಾದ ಮೇಲೆ, ಬೇರೆ ಸೋತ ಹೃದಯಗಳಲ್ಲೂ ಅದನ್ನು ಹುಡುಕುವುದು ಸಹಜ. 1939ರಲ್ಲಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನ ಹರ್ಮನ್ ಮತ್ತು ಡೆಚರ್ಡ್, ಸೋತು ಸತ್ತ ಹೃದಯಗಳಲ್ಲಿ ಕ್ರಿಯಾಟಿನ್ ಕಡಿಮೆಯಿರುವುದನ್ನು ಕಂಡರು. ಪಾತ್ರೆಯಲ್ಲಿನ ಅನ್ನ ತಳ ಕಂಡಿತ್ತು. ಆದರೆ ಬದುಕಿರುವ ಮನುಷ್ಯನ ಹೃದಯ ಏನು ಉಣ್ಣುತ್ತದೆ ಎಂದು ನೋಡುವುದು ಹೇಗೆ? 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನದೇ ತೋಳಿನ ರಕ್ತನಾಳದಿಂದ ತೆಳ್ಳನೆಯ ನಳಿಕೆಯೊಂದನ್ನು ಹೃದಯದವರೆಗೆ ತೂರಿಸಿಕೊಂಡು, ನಡೆದು ಹೋಗಿ ಎಕ್ಸ್‌ರೇ ತೆಗೆಸಿದ್ದ. ಮಕ್ಕಳೇ, ಇದನ್ನು ಯಾರೂ ಪ್ರಯತ್ನಿಸಬೇಡಿ! ಆ ದಾರಿ ಹಿಡಿದು 1940ರ ದಶಕದಲ್ಲಿ ಬಾಲ್ಟಿಮೋರಿನ ರಿಚರ್ಡ್ ಬಿಂಗ್ ಹೃದಯದ ಸ್ನಾಯುವಿನಿಂದ ಹೊರಬರುವ ರಕ್ತವನ್ನೇ ಹಿಡಿದರು. ಒಳಗೆ ಹೋಗುವ ರಕ್ತದಲ್ಲಿ ಏನಿತ್ತು, ಹೊರಬರುವಾಗ ಏನು ಉಳಿಯಿತು ಎಂದು ಕಳೆದರೆ ಹೃದಯದ ಊಟದ ಲೆಕ್ಕ ಸಿಕ್ಕಿತು. ಕೊಬ್ಬು, ಸಕ್ಕರೆ, ಲ್ಯಾಕ್ಟೇಟ್, ಕೀಟೋನ್: ಸಿಕ್ಕಿದ್ದನ್ನೆಲ್ಲ ಉಣ್ಣುವ ಜಾಣ ಹೃದಯ. ಬಿಂಗ್ ಸಂಗೀತ ರಚನಕಾರರೂ ಆಗಿದ್ದರು, 100 ವರ್ಷ ದಾಟಿ ಬದುಕಿದರು.

ಈಚಿನ ದಶಕಗಳಲ್ಲಿ ತಿಳಿದದ್ದನ್ನು ಚುಟುಕಾಗಿ ಹೇಳಬಹುದು. ದೀರ್ಘಕಾಲದ ಬಿಪಿ, ಹೃದಯಾಘಾತ, ಸ್ನಾಯುವಿನ ಕಾಯಿಲೆ ಹೀಗೆ ಯಾವುದೇ ಕಾರಣದಿಂದ ಸೋಲುತ್ತಿರುವ ಹೃದಯ ತನ್ನ ಊಟದ ಪದ್ಧತಿಯನ್ನು ಬದಲಿಸಿಕೊಳ್ಳುತ್ತದೆ. ಕೊಬ್ಬನ್ನು ಉರಿಸುವ ಶಕ್ತಿ ಕುಗ್ಗಿ, ತಾಯಿಯ ಹೊಟ್ಟೆಯಲ್ಲಿದ್ದ ಕಾಲದಂತೆ ಸಕ್ಕರೆಯ ಕಡೆಗೆ ವಾಲುತ್ತದೆ. ಮಧುಮೇಹದ ಹೃದಯದ್ದು ಇದಕ್ಕೆ ತದ್ವಿರುದ್ಧ. ಸಕ್ಕರೆಯನ್ನು ಬಳಸಲಾಗದೆ ಕೊಬ್ಬಿಗೇ ಜೋತುಬೀಳುತ್ತದೆ. ಅಷ್ಟೇ ಶಕ್ತಿಗೆ ಕೊಬ್ಬು ಸ್ವಲ್ಪ ಹೆಚ್ಚು ಆಮ್ಲಜನಕ ಕೇಳುತ್ತದೆ. ಹೃದಯಕ್ಕೆ ಬೇಕಾದದ್ದು ಇದೋ ಅದೋ ಅಲ್ಲ, ಹೊತ್ತಿಗೆ ತಕ್ಕಂತೆ ಬದಲಿಸುವ ಸಾಮರ್ಥ್ಯ. ಸೋಲಿನಲ್ಲಿ ಮೊದಲು ಹೋಗುವುದು ಅದೇ. 2016ರಲ್ಲಿ ಇನ್ನೊಂದು ವಿಷಯ ಹೊರಬಂತು: ಸೋತ ಹೃದಯ ಕೀಟೋನುಗಳನ್ನು ಮೊದಲಿಗಿಂತ ಹೆಚ್ಚು ಬಳಸುತ್ತದೆ. ಅದಕ್ಕೂ ಒಂದು ವರ್ಷ ಮೊದಲು, ಮಧುಮೇಹಕ್ಕೆಂದು ತಯಾರಾದ ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ತೆಗೆದುಕೊಂಡವರಲ್ಲಿ ಹೃದಯದ ಸೋಲಿಗಾಗಿ ಆಸ್ಪತ್ರೆ ಸೇರುವುದು ಯಾರೂ ನಿರೀಕ್ಷಿಸದಷ್ಟು ಕಡಿಮೆಯಾಗಿತ್ತು. ಈಗ ಈ ಜಾತಿಯ ಮಾತ್ರೆಗಳನ್ನು ಮಧುಮೇಹವಿಲ್ಲದ ಹೃದ್ರೋಗಿಗಳಿಗೂ ಕೊಡುತ್ತಾರೆ. ಅವು ಹೃದಯದ ಊಟವನ್ನು ಸರಿಪಡಿಸಿ ಕೆಲಸ ಮಾಡುತ್ತವೆಯೇ, ಬೇರೆ ಬಗೆಯಲ್ಲೇ ಎಂಬ ವಾದ ಇನ್ನೂ ನಡೆದಿದೆ. ಕಾರಣ ಪೂರ್ತಿ ತಿಳಿಯುವ ಮೊದಲೇ ಮದ್ದು ಕೆಲಸ ಮಾಡಿದ ಇನ್ನೊಂದು ಉದಾಹರಣೆ. ತಕಾಕಿಯವರು ಇದ್ದಿದ್ದರೆ ನಗುತ್ತಿದ್ದರೇನೋ. ಈ ಸಲ ವೈದ್ಯರು 20 ವರ್ಷ ಕಾಯಲಿಲ್ಲ.

ಸುಬ್ಬರಾವ್ ಅವರಿಗೆ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿಗೆ ಹೋದರು. ಫೋಲಿಕ್ ಆಮ್ಲದ ತಯಾರಿಕೆ, ಮಕ್ಕಳ ರಕ್ತದ ಕ್ಯಾನ್ಸರಿಗೆ ಮೊದಲ ಔಷಧಗಳು, ಆನೆಕಾಲು ರೋಗದ ಮದ್ದು, ಆರಿಯೋಮೈಸಿನ್ ಇವೆಲ್ಲ ಅಲ್ಲಿ ಅವರ ತಂಡದಿಂದ ಬಂದವು. 1948ರ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ, ನಿದ್ದೆಯಲ್ಲೇ ಅವರು ತೀರಿಕೊಂಡರು.

ಇಂದು ಬದುಕಿರುವ ಹೃದಯದೊಳಗಿನ ಫಾಸ್ಫೋಕ್ರಿಯಾಟಿನ್ ಮತ್ತು ಎಟಿಪಿಯನ್ನು ಎದೆ ಕೊಯ್ಯದೆಯೇ, ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಅಳೆಯುತ್ತಾರೆ. 1997ರಲ್ಲಿ ಜರ್ಮನಿಯ ಸ್ಟೀಫನ್ ನ್ಯೂಬಾವರ್ ತಂಡ ಹೃದಯ ಹಿಗ್ಗಿದ ರೋಗಿಗಳನ್ನು ಹೀಗೆ ಅಳೆದು, ಕೆಲವು ವರ್ಷ ಹಿಂಬಾಲಿಸಿತು. ಎಟಿಪಿಗೆ ಹೋಲಿಸಿದರೆ ಫಾಸ್ಫೋಕ್ರಿಯಾಟಿನ್ ತೀರ ಕಡಿಮೆಯಿದ್ದವರಲ್ಲಿ ಸಾವು ಹೆಚ್ಚು. ಹೃದಯ ಎಷ್ಟು ಜೋರಾಗಿ ಬಡಿಯುತ್ತಿದೆ ಎಂಬುದಕ್ಕಿಂತಲೂ ಪಾತ್ರೆಯಲ್ಲಿ ಎಷ್ಟು ಅನ್ನ ಉಳಿದಿದೆ ಎಂಬುದೇ ಮುಂದಿನದನ್ನು ಹೆಚ್ಚು ಚೆನ್ನಾಗಿ ಹೇಳಿತು. ಸುಬ್ಬರಾವ್ ನೀಲಿ ಬಣ್ಣದಲ್ಲಿ ಕಂಡ ಆ ಎರಡು ವಸ್ತುಗಳೇ ಇವು. ನ್ಯೂಬಾವರ್ ಮುಂದೆ ಆಕ್ಸ್‌ಫರ್ಡಿಗೆ ಹೋದರು, ಪೀಟರ್ಸ್ ತಮ್ಮ ಪಾರಿವಾಳಗಳಿಗೆ ಪಾಲಿಶ್ ಅಕ್ಕಿ ಹಾಕುತ್ತಿದ್ದ ಊರಿಗೆ.

ಕೊನೆಗೆ ಪೋಷಕರಿಗೆ ಒಂದು ಸಣ್ಣ ಮಾತು. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಕೆಲವು ಬಿಳಿ ಅಕ್ಕಿಯ ಚೀಲಗಳ ಮೇಲೆ 'ತೊಳೆಯಬೇಡಿ' ಎಂದು ಬರೆದಿರುತ್ತದೆ. ಅಕ್ಕಿ ತೊಳೆಯದೆ ಅನ್ನ ಮಾಡುವುದೇ ಎಂದು ನಮ್ಮ ಅಮ್ಮಂದಿರು ಮುಖ ಸಿಂಡರಿಸುತ್ತಾರೆ. ಗಿರಣಿ ಕಸಿದುಕೊಂಡ ಥಯಾಮಿನ್ ಮತ್ತು ಇತರ ಸತ್ವಗಳನ್ನು ಆ ಅಕ್ಕಿಯ ಮೇಲೆ ಮತ್ತೆ ಲೇಪಿಸಿರುತ್ತಾರೆ. ಎರಡು ಮೂರು ನೀರು ತೊಳೆದರೆ ಅದರಲ್ಲಿ ಬಹಳಷ್ಟು ಸಿಂಕಿನಲ್ಲಿ ಹೋಗುತ್ತದೆ. ಸೋನಾ ಮಸೂರಿಯ ಚೀಲದ ಮೇಲೆ ಹಾಗೆ ಬರೆದಿದೆಯೇ ಎಂದು ಮಕ್ಕಳು ಮನೆಯಲ್ಲಿ ನೋಡಿ, ಮುಂದಿನ ತರಗತಿಗೆ ಬರೆದು ತನ್ನಿ.